ಆ ಪ್ರಶ್ನೆ ನನಗೂ ಕೇಳಿ

ಹಡಗಿನಿಂದ
ಜನವರಿ 14

ಬ್ರೇಕ್ ಮೇಡಂ ಅವರಿಗೆ,

ಸುಖವಾಗಿ ತಲುಪಿದೆ. ದೋಣಿಯಿಂದ ಹಡಗಿನ ಏಣಿ ಹತ್ತುವಾಗ ಮೊಣಕಾಲು ಸ್ವಲ್ಪ ತಕರಾರು ಮಾಡಿತು, ಅಷ್ಟೇ. ನಮ್ಮ ಹೂಳೆತ್ತುವ ಹಡಗು ನಾನು ಬಿಟ್ಟುಬಂದ ಜಾಗದಲ್ಲೇ ನಿಂತಿದೆ. ನದಿ ಸಮುದ್ರ ಸೇರುವ ಈ ಬಾಯಲ್ಲಿ ಎಷ್ಟು ಕೆಸರು ಎತ್ತಿ ಹಾಕಿದರೂ ಮತ್ತೆ ಬಂದು ಕೂರುತ್ತದೆ. ಹಾಗಾಗಿ ನಮ್ಮ ಕೆಲಸಕ್ಕೆ ಮೋಸವಿಲ್ಲ. ನಾನಿಲ್ಲದ ತಿಂಗಳಲ್ಲಿ ಎರಡನೇ ಪಂಪಿಗೆ ಯಾರೂ ಗ್ರೀಸ್ ಹಾಕಿಲ್ಲ. ಬಂದವನೇ ಅದರ ಹೊಟ್ಟೆ ಬಿಚ್ಚಿಕೊಂಡು ಕೂತೆ.

ಮಗಳು ಹಾಸ್ಟೆಲಿಗೆ ಹೊರಟಳಾ? ಅಮ್ಮ ದಿನಾ ತನ್ನ ಮನೆಯಿಂದ ಬಂದು ನಿನ್ನ ತಲೆ ತಿನ್ನುತ್ತಿದ್ದಾಳಾ? ಡ್ರೈವಿಂಗ್ ಸ್ಕೂಲಿನ ಹಳೇ ಕಾರಿನ ಕ್ಲಚ್ ಬದಲಾಯಿಸಲು ಹೇಳಿದ್ದೆ, ಮರೆಯಬೇಡ. ಪಾಠ ಕಲಿಯುವವರ ಕಾಲಿಗಿಂತ ನಿನ್ನ ಕಾಲೇ ಆ ಕಾರಿನಲ್ಲಿ ಹೆಚ್ಚು ಬ್ರೇಕ್ ಒತ್ತಿರುವುದು. ಶಿಷ್ಯರು ಇಟ್ಟ ಹೆಸರು ಸುಮ್ಮನೆ ಬಂದದ್ದಲ್ಲ.

ಈಗ ಒಂದು ವಿಷಯ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಮ್ಮಲ್ಲಿ ಫೋನಿರುವುದು ಊಟದ ಕೋಣೆಯಲ್ಲಿ. ಬೆನ್ನ ಹಿಂದೆ ಸರದಿಯಲ್ಲಿ ಏಳೆಂಟು ಜನ ತಟ್ಟೆ ಹಿಡಿದು ನಿಂತಿರುತ್ತಾರೆ. ಅದಕ್ಕೇ ಕಾಗದ.

ಈ ಸಲ ರಜೆಯಲ್ಲಿ ನೀನು ಬೆನ್ನುನೋವು ಅಂತ ನಡುಮನೆಯ ಸೋಫಾದ ಮೇಲೆ ಮಲಗಿದೆ. ಸರಿ, ಬೆನ್ನುನೋವು ಯಾರಿಗೂ ಬರಬಹುದು. ಆದರೆ ನಾನು ಹೊರಡುವ ಹಿಂದಿನ ಸಂಜೆ ಅಡುಗೆಮನೆಯಲ್ಲಿ ಹಿಂದಿನಿಂದ ನಿನ್ನ ಹೆಗಲ ಮೇಲೆ ಕೈಯಿಟ್ಟೆ. ಕರೆಂಟು ಹೊಡೆದವಳ ಹಾಗೆ ಸರಿದು "ಹಾಲು ಉಕ್ಕುತ್ತೆ" ಅಂದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ನನ್ನಿಂದ ಏನಾದರೂ ತಪ್ಪಾಗಿದ್ದರೆ ಹೇಳು.

ನಿನ್ನವನು


ಮನೆಯಿಂದ
ಜನವರಿ 29

ರೀ,

ಕಾಗದ ಬಂತು. ಕ್ಲಚ್ ಬದಲಾಯಿಸಿದೆ. ಮಗಳು ಹೋದಳು. ಹೋಗುವಾಗ ನನ್ನ ಒಳ್ಳೆ ಚಪ್ಪಲಿ ಹಾಕಿಕೊಂಡು ತನ್ನ ಹರಿದಿದ್ದನ್ನ ಬಿಟ್ಟು ಹೋಗಿದ್ದಾಳೆ. ಅತ್ತೆ ದಿನಾ ಬರ್ತಾರೆ. ಬಂದು ಫ್ರಿಜ್ ತೆಗೆದು ನೋಡಿ, ಏನೂ ಹೇಳದೆ ಮುಚ್ತಾರೆ. ಅದು ಹೇಳಿದ್ದಕ್ಕಿಂತ ಜಾಸ್ತಿ.

ಹೊಸದಾಗಿ ಒಬ್ಬರು ಕಲಿಯೋಕೆ ಸೇರಿದ್ದಾರೆ, ಅರವತ್ತು ದಾಟಿದ ಲೈಬ್ರರಿ ಮೇಡಂ. ಗಂಡ ಇರೋವರೆಗೂ ಸ್ಟೇರಿಂಗ್ ಮುಟ್ಟೋಕೆ ಬಿಟ್ಟಿರಲಿಲ್ಲವಂತೆ. ಮೊದಲ ದಿನವೇ ನನ್ನನ್ನ ಕೇಳಿದರು, "ಹಾರ್ನ್ ಎಲ್ಲಿದೆ? ಮೊದಲು ಅದನ್ನ ಕಲಿಸಿ, ಉಳಿದದ್ದು ಆಮೇಲೆ." ನನಗೆ ಅವರನ್ನ ಕಂಡ್ರೆ ಬಹಳ ಇಷ್ಟ.

ಹಾಲಿನ ವಿಷಯ. ಹಿಂದಿನ ದಿನ ಉಕ್ಕಿತ್ತು, ಆ ಭಯ ಇತ್ತು ಅಷ್ಟೇ. ನೀವು ಏನೇನೋ ಯೋಚನೆ ಮಾಡಬೇಡಿ. ನಿಮ್ಮದೇನೂ ತಪ್ಪಿಲ್ಲ. ಬೆಳಗ್ಗೆಯಿಂದ ಸಾಯಂಕಾಲದವರೆಗೂ ಕಾರಿನಲ್ಲಿ ಕೂತು ಸಾಕಾಗಿರುತ್ತೆ. ವಯಸ್ಸೂ ಆಯ್ತು. ಮಗಳೇ ಕಾಲೇಜು ಮೆಟ್ಟಿಲು ಹತ್ತಿದ್ದಾಳೆ, ಇನ್ನು ನಮಗೇನು ಇವೆಲ್ಲ.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ಪಂಪಿಗೆ ಹಾಕೋ ಗ್ರೀಸ್ ಅಲ್ಲ.

ನಿಮ್ಮ
ಬ್ರೇಕ್ ಮೇಡಂ


ಹಡಗಿನಿಂದ
ಫೆಬ್ರವರಿ 11

ನಿನ್ನ ಕಾಗದ ಸಿಕ್ಕಿತು.

ಅರ್ಥವಾಯಿತು. ನಾನು ವರ್ಷದಲ್ಲಿ ಎರಡು ಸಲ ಬಂದುಹೋಗುವವನು. ನಾನಿಲ್ಲದ ಮನೆಗೆ ನೀನು ಹೊಂದಿಕೊಂಡಿದ್ದೀಯ. ಹೊಂದಿಕೊಂಡಿದ್ದಕ್ಕೇ ಮನೆ, ಮಗಳು, ನಿನ್ನ ಸ್ಕೂಲು ಎಲ್ಲ ನಡೆದಿದೆ. ಅದಕ್ಕೆ ನಾನು ಬೇಸರ ಪಟ್ಟರೆ ನನ್ನದೇ ಸಣ್ಣತನ. ಬಂದ ಅತಿಥಿಗೆ ಎಷ್ಟು ಜಾಗ ಮಾಡಿಕೊಡಬೇಕು ಅನ್ನುವುದು ಮನೆಯವರಿಗೆ ಬಿಟ್ಟದ್ದು.

ಮೇ ತಿಂಗಳ ರಜೆ ನನಗೆ ಬೇಡ ಅಂತ ಕ್ಯಾಪ್ಟನ್‌ಗೆ ಹೇಳಿದೆ. ಬೇರೆ ಯಾರಿಗಾದರೂ ಕೊಡಲಿ, ಇಲ್ಲಿ ಮೊದಲ ಮಗು ಹುಟ್ಟುವುದನ್ನು ಕಾಯುತ್ತಿರುವ ವೆಲ್ಡರ್ ಒಬ್ಬನಿದ್ದಾನೆ. ನಿನಗೂ ಸ್ವಲ್ಪ ನೆಮ್ಮದಿಯಾಗುತ್ತದೆ. ಕೋಪದಿಂದ ಹೇಳುತ್ತಿಲ್ಲ. ಸೋಫಾ ಬೆನ್ನಿಗೆ ಒಳ್ಳೆಯದಲ್ಲ, ನಿನ್ನ ಹಾಸಿಗೆಯಲ್ಲೇ ಮಲಗು.

ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡ.


ಹಡಗಿನಿಂದ
ಮಾರ್ಚ್ 12

ಎಷ್ಟೋ ದೋಣಿ ಬಂದುಹೋದವು, ನಿನ್ನ ಕಾಗದವಿಲ್ಲ. ಫೋನಿನಲ್ಲಿ "ಚೆನ್ನಾಗಿದ್ದೀನಿ" ಅನ್ನುತ್ತೀಯ. ಆ ದನಿ ನೆಗಡಿ ಆದವರ ದನಿಯ ಹಾಗಿರುತ್ತದೆ. ಸಕ್ಕರೆ ಎಷ್ಟಿದೆ? ಅದಷ್ಟನ್ನಾದರೂ ಬರೆ.


ಮನೆಯಿಂದ
ಮಾರ್ಚ್ 28

ರೀ,

ಇಷ್ಟು ದಿನ ಬರೀಲಿಲ್ಲ. ಮೊದಲು ಕೋಪ ಇತ್ತು, ಸುಳ್ಳು ಹೇಳಲ್ಲ. "ಅತಿಥಿ" ಅನ್ನೋ ಮಾತು ಓದಿ ಕಾಗದವನ್ನ ಕಾರಿನ ಡ್ಯಾಶ್‌ಬೋರ್ಡ್ ಒಳಗೆ ತುರುಕಿದ್ದೆ. ಆಮೇಲೆ ಕೋಪ ಹೋಗಿ ಹೆದರಿಕೆ ಬಂತು. ನಿಜ ಹೇಳದಿದ್ರೆ ನೀವು ಅಲ್ಲೇ ಉಳಿದುಬಿಡ್ತೀರಿ. ಹೇಳಿದ್ರೆ ಏನಾಗುತ್ತೋ ಗೊತ್ತಿಲ್ಲ. ಎರಡರಲ್ಲಿ ಹೇಳೋದೇ ವಾಸಿ ಅಂತ ಕೂತಿದ್ದೀನಿ.

ಬೆನ್ನುನೋವು ಸುಳ್ಳು. ಹಾಲೂ ಸುಳ್ಳು. ನೀವು ಹತ್ತಿರ ಬಂದ್ರೆ ನನಗೆ ನೋವಾಗುತ್ತೆ. ಮನಸ್ಸಿಗಲ್ಲ, ಮೈಗೆ. ಎರಡು ವರ್ಷದಿಂದ ಹೀಗಿದೆ. ಒಣಗಿದ ಹಾಗೆ, ಉರಿ, ಕೆಲವು ಸಲ ಕೆರೆತ. ಅದಕ್ಕಿಂತ ಕೆಟ್ಟದ್ದು ಅಂದ್ರೆ, ನೋವಿಲ್ಲದ ದಿನವೂ ನನಗೆ ಏನೂ ಅನ್ನಿಸ್ತಿರಲಿಲ್ಲ. ನೀವು ಮುಟ್ಟಿದ್ದು ಗೊತ್ತಾಗೋದು, ಕೋಟಿನ ಮೇಲಿಂದ ಮುಟ್ಟಿದ ಹಾಗೆ. ನನಗೆ ನಿಮ್ಮ ಮೇಲಿನ ಪ್ರೀತಿಯೇ ಮುಗಿದುಹೋಯ್ತೇನೋ ಅಂದುಕೊಂಡೆ. ಹಾಗಂದುಕೊಂಡು ನಿಮ್ಮ ಅಂಗಿ ಮಡಿಚುವಾಗ ಅಳು ಬರೋದು. ಮುಗಿದಿದ್ರೆ ಅಳು ಯಾಕೆ ಬರುತ್ತೆ ಅಂತ ನನಗೇ ಅರ್ಥವಾಗ್ತಿರಲಿಲ್ಲ.

ಯಾಕೆ ಹೇಳಲಿಲ್ಲ ಅಂದ್ರೆ, ಹೇಳಿದ್ರೆ ನೀವು ಮತ್ತೆ ಹತ್ತಿರ ಬರಲ್ಲ ಅನ್ನೋ ಭಯ. ಹೇಳದೇ ಇದ್ದು ನಾನೇ ನಿಮ್ಮನ್ನ ದೂರ ಮಾಡಿದೆ. ನನ್ನ ಬುದ್ಧಿ ನೋಡಿ.

ಈ ತಿಂಗಳ ಶುರುವಲ್ಲಿ ಸಕ್ಕರೆ ಡಾಕ್ಟ್ರ ಹತ್ರ ಹೋಗಿದ್ದೆ. ಅವರ ಕೋಣೆ ನಿಮಗೆ ಗೊತ್ತಲ್ಲ, ಮಧ್ಯೆ ಒಂದು ಹಸಿರು ಪರದೆ, ಈ ಕಡೆ ಕಾಯೋರ ಕುರ್ಚಿ. ಪರದೆ ಕಾಣೋದನ್ನ ಮುಚ್ಚುತ್ತೆ, ಕೇಳೋದನ್ನ ಮುಚ್ಚಲ್ಲ. ನನ್ನ ಮುಂದೆ ಒಬ್ಬರು ಟೈಲರ್ ಹೋದರು, ಕೊರಳಲ್ಲಿ ಟೇಪು ಹಾಗೇ ಇತ್ತು. ಡಾಕ್ಟ್ರು ಕಣ್ಣು ಹೇಗಿದೆ ಅಂತ ಕೇಳಿದರು, ಕಾಲು ತೋರಿಸಿ ಅಂದರು. ಆಮೇಲೆ ದನಿ ತಗ್ಗಿಸಿ, "ಸಂಸಾರ ಹೇಗಿದೆ? ಹೆಂಡತಿ ಜೊತೆ ಎಲ್ಲ ಸರಿ ಇದೆಯಾ? ಸಂಕೋಚ ಬೇಡ, ಸಕ್ಕರೆ ಇರೋರಿಗೆ ತೊಂದರೆ ಆಗೋದುಂಟು, ಔಷಧಿ ಇದೆ" ಅಂದರು. ಟೈಲರ್ ಏನೋ ಗೊಣಗಿದರು. ಔಷಧಿ ಚೀಟಿ ಹಿಡಿದು ಹೊರಗೆ ಬಂದರು.

ನನ್ನ ಸರದಿ ಬಂತು. ಕಣ್ಣು ಕೇಳಿದರು. ಕಾಲು ನೋಡಿದರು. ಸಕ್ಕರೆ ಜಾಸ್ತಿ ಇದೆ ಅಂತ ಬೈದರು. ಫೈಲು ಮುಚ್ಚಿ "ಮುಂದಿನವರು" ಅಂದರು.

ಬಾಗಿಲವರೆಗೂ ಹೋದೆ. ಹಿಡಿಕೆ ಮೇಲೆ ಕೈಯೂ ಇಟ್ಟಿದ್ದೆ. ಆಮೇಲೆ ವಾಪಸ್ ಬಂದು ಕುರ್ಚಿಯಲ್ಲಿ ಕೂತೆ.

"ಏನಮ್ಮ?"

"ಡಾಕ್ಟ್ರೇ, ಈಗ ಹೋದರಲ್ಲ, ಅವರಿಗೆ ಕೊನೇಲಿ ಒಂದು ಪ್ರಶ್ನೆ ಕೇಳಿದಿರಿ. ಆ ಪ್ರಶ್ನೆ ನನಗೂ ಕೇಳಿ."

ಅವರಿಗೆ ಮೊದಲು ತಿಳೀಲಿಲ್ಲ. ತಿಳಿದ ಮೇಲೆ ಕಿವಿ ಕೆಂಪಾಯ್ತು. "ಹೆಂಗಸರು ಏನಾದ್ರೂ ಇದ್ರೆ ತಾವಾಗೇ ಹೇಳ್ತಾರೆ ಅಂತ..." ಅಂದರು.

"ಆರು ವರ್ಷದಿಂದ ನನ್ನ ಕಾಲು ನೀವೇ ಕೇಳಿ ನೋಡ್ತಿದ್ದೀರಿ. ನಾನಾಗೇ ಯಾವತ್ತೂ ಚಪ್ಪಲಿ ಬಿಚ್ಚಿಲ್ಲ" ಅಂದೆ.

ಒಳ್ಳೆಯವರು ರೀ ಅವರು. ಪೆನ್ನು ಕೆಳಗಿಟ್ಟು, ಪರದೆ ಆಚೆ ಕಾಯ್ತಿದ್ದವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿಸಿದರು. ಆಮೇಲೆ ಅದೇ ಪ್ರಶ್ನೆಯನ್ನ, ಹೆಂಡತಿ ಇದ್ದ ಕಡೆ ಗಂಡ ಅಂತ ಹಾಕಿ, ಕೇಳಿದರು. ನಾನು "ಇಲ್ಲ" ಅಂದೆ. ಅದೂ ನನಗೇ ಕೇಳಿಸದಷ್ಟು ಮೆಲ್ಲಗೆ. ನಡುರಸ್ತೇಲಿ ಲಾರಿಯವನನ್ನ ಗದರಿಸೋ ಗಂಟಲು ಇದೇನಾ ಅನ್ನಿಸ್ತು.

ಅವರೇ ಫೋನ್ ಮಾಡಿ ಹೆಂಗಸರ ಡಾಕ್ಟ್ರ ಹತ್ರ ಕಳಿಸಿದರು. ಆಕೆ ಪರೀಕ್ಷೆ ಮಾಡಿ ಎಲ್ಲ ಬಿಡಿಸಿ ಹೇಳಿದರು. ಸಕ್ಕರೆ ಬಹಳ ಕಾಲ ಹೆಚ್ಚಿದ್ರೆ ಸಣ್ಣ ಸಣ್ಣ ರಕ್ತನಾಳ, ನರ ಸೊರಗುತ್ತವಂತೆ. ಕಾಲಿನ ಬೆರಳು ಜೋಮು ಹಿಡಿಯುತ್ತಲ್ಲ, ಹಾಗೇ ಅಲ್ಲೂ. ಒದ್ದೆಯಾಗಬೇಕಾದ್ದು ಆಗಲ್ಲ, ಗೊತ್ತಾಗಬೇಕಾದ್ದು ಗೊತ್ತಾಗಲ್ಲ. ಸೋಂಕೂ ಪದೇ ಪದೇ ಬರುತ್ತೆ. ನೋವಾಗುತ್ತೆ ಅನ್ನೋ ಹೆದರಿಕೆಗೆ ಮೈ ಮುಂಚೆಯೇ ಬಿಗಿದುಕೊಳ್ಳುತ್ತೆ, ಬಿಗಿದಷ್ಟೂ ನೋವು. "ನಿಮ್ಮ ಪ್ರೀತಿಗೆ ಏನೂ ಆಗಿಲ್ಲ" ಅಂದರು. ಆ ಮಾತಿಗೆ ನಾನು ಅವರ ಟೇಬಲ್ಲಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಸೋಂಕಿಗೆ ಔಷಧಿ ಕೊಟ್ಟಿದ್ದಾರೆ. ಒಣಗೋದಕ್ಕೆ ಒಂದು ಜೆಲ್. ಕೆಳಗಿನ ಸ್ನಾಯು ಬಿಗಿ ಮಾಡಿ ಸಡಿಲ ಬಿಡೋ ವ್ಯಾಯಾಮ ಹೇಳಿಕೊಟ್ಟಿದ್ದಾರೆ, ಸಿಗ್ನಲ್ಲಿನಲ್ಲಿ ನಿಂತಾಗ ಮಾಡ್ತೀನಿ, ಯಾರಿಗೂ ಗೊತ್ತಾಗಲ್ಲ. ಎರಡು ಪಾಠದ ನಡುವೆ ಬನ್ನು ತಿಂದು ಓಡೋದನ್ನ ಬಿಟ್ಟು ಈಗ ಸರಿಯಾಗಿ ಊಟ ಮಾಡ್ತಿದ್ದೀನಿ. ಸಕ್ಕರೆ ಇಳೀತಿದೆ. ಸಮಯ ಹಿಡಿಯುತ್ತೆ ಅಂದರು.

ಎಲ್ಲ ಹೇಳಿಬಿಟ್ಟೆ. ಈಗ ಈ ಕಾಗದವನ್ನ ಪೋಸ್ಟಿಗೆ ಹಾಕೋಕೆ ನಾನೇ ಹೋಗ್ತೀನಿ, ಇಲ್ಲಾಂದ್ರೆ ಮನಸ್ಸು ಬದಲಾಗುತ್ತೆ.

ನಿಮ್ಮ


ಹಡಗಿನಿಂದ
ಏಪ್ರಿಲ್ 7

ನಿನಗೆ ಏನು ಬರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಇದು ಮೂರನೆಯದು.

ಆ ಕುರ್ಚಿಗೆ ವಾಪಸ್ ಹೋಗಿ ಕೂತೆಯಲ್ಲ. ನಾನಾಗಿದ್ದರೆ ಹಿಡಿಕೆ ತಿರುಗಿಸಿ ಹೊರಗೆ ಬಂದು, ಮೆಟ್ಟಿಲಿಳಿದು, ಟೀ ಕುಡಿದು ಮನೆಗೆ ಹೋಗಿರುತ್ತಿದ್ದೆ. ಮೂವತ್ತು ಅಡಿ ಆಳದ ಕೆಸರಿನಲ್ಲಿ ಸಿಕ್ಕ ಪೈಪು ಬಿಡಿಸಲು ಇಳಿದಿದ್ದೇನೆ ನಾನು. ಅದಕ್ಕೆ ಇಲ್ಲಿನವರು ಬೆನ್ನು ತಟ್ಟಿದರು. ನೀನು ಮಾಡಿದ್ದು ಅದಕ್ಕಿಂತ ಕಷ್ಟದ್ದು. ತಟ್ಟುವವರು ಯಾರೂ ಇರಲಿಲ್ಲ.

ಆದರೆ ಇನ್ನೊಂದು ನನ್ನನ್ನು ತಿನ್ನುತ್ತಿದೆ. ಎರಡು ವರ್ಷ ನಾನು ಹತ್ತಿರ ಬಂದಾಗೆಲ್ಲ ನಿನಗೆ ನೋವಾಗುತ್ತಿತ್ತು, ನಾನು ನೋಡಲೇ ಇಲ್ಲ. ಇಂಜಿನ್ ಒಂದು ಸಣ್ಣ ಸದ್ದು ಬದಲಾಯಿಸಿದರೆ ನಿದ್ದೆಯಿಂದ ಎದ್ದು ಕೂರುವವನು ನಾನು. ಪಕ್ಕದಲ್ಲಿದ್ದ ನಿನ್ನ ಉಸಿರು ಬಿಗಿಯಾದದ್ದು ತಿಳಿಯಲಿಲ್ಲ.

ಇನ್ನು ನೀನು ಹೆದರಬೇಡ. ನಾನು ನಿನ್ನನ್ನು ಮುಟ್ಟುವುದಿಲ್ಲ. ನೀನು ಚೆನ್ನಾಗಿದ್ದರೆ ಸಾಕು, ಅದೊಂದು ಇಲ್ಲದಿದ್ದರೆ ಏನೂ ಮುಳುಗಿಹೋಗುವುದಿಲ್ಲ. ಮಗಳ ಕೋಣೆ ಖಾಲಿಯಿದೆ, ನಾನು ಬಂದಾಗ ಅಲ್ಲಿ ಮಲಗುತ್ತೇನೆ. ಜೆಲ್, ವ್ಯಾಯಾಮ ಅಂತ ನನಗೋಸ್ಕರ ಏನನ್ನೂ ಮಾಡಿಕೊಳ್ಳಬೇಡ. ನಿನ್ನಂಥವಳು ಸಿಕ್ಕಿದ್ದೇ ನನ್ನ ಪುಣ್ಯ. ಉಳಿದದ್ದು ಬೇಡ.

ನಿನ್ನವನು


ಮನೆಯಿಂದ
ಏಪ್ರಿಲ್ 18

ನಿನ್ನ ಕಾಗದ ಓದಿ ನನಗೆ ತಲೆ ಕೆಟ್ಟು ಹೋಯ್ತು.

ಹೌದು, ನಿನ್ನ. ಬಾಗಿಲು ಹಾಕಿದ ಮೇಲೆ ನಾನು ನಿನ್ನನ್ನ ನೀನು ಅಂತಲೇ ಅಂತಿದ್ದೆ. ಎರಡು ವರ್ಷದಿಂದ ಬಾಗಿಲು ಹಾಕಿದ ಮೇಲೂ ನೀವು, ಬನ್ನಿ, ಹೋಗಿ. ಸಾಕು ಅದು.

ಯಾರಿಗೆ ಬೇಡ? ನಾನು ಆ ಕುರ್ಚಿಗೆ ವಾಪಸ್ ಹೋಗಿ ಕೂತದ್ದು ಯಾಕೆ ಅಂದುಕೊಂಡೆ? ನಿನ್ನಿಂದ ತಪ್ಪಿಸಿಕೊಳ್ಳೋಕೆ ಡಾಕ್ಟ್ರ ಕೈಯಿಂದ ರಜಾ ಚೀಟಿ ತರೋದಕ್ಕಾ? ನನಗೆ ಬೇಕು ಅಂತ ಹೋಗಿದ್ದು. ನಿನಗೋಸ್ಕರ ಅಲ್ಲ, ನನಗೋಸ್ಕರ. ನನ್ನ ಮೈ ನನಗೆ ವಾಪಸ್ ಬೇಕಿತ್ತು, ನೀನೂ ಬೇಕಿತ್ತು. ಇಷ್ಟನ್ನ ಬರೆಯೋಕೆ ನಾಚಿಕೆಯಾಗ್ತಿದೆ, ಆದ್ರೂ ಬರೀತೀನಿ. ಹೆಂಗಸು ಬೇಕು ಅಂತ ಬಾಯಿಬಿಟ್ಟು ಹೇಳಿದ್ರೆ ಗಂಡ ಮಗಳ ಕೋಣೆಗೆ ಹೋಗಿ ಮಲಗ್ತೀನಿ ಅನ್ನೋದಾ?

ನೀನು ನೋಡಲಿಲ್ಲ ಅಂತ ಕೊರಗಬೇಡ. ನಾನು ಕಾಣದ ಹಾಗೆ ನೋಡಿಕೊಂಡೆ. ಮುಚ್ಚಿಡೋದರಲ್ಲಿ ನಾನು ಚುರುಕು.

ಈಗ ನಿನ್ನ ಅಮ್ಮನ ವಿಷಯ. ಕೂತು ಓದು.

ಮೊನ್ನೆ ಅತ್ತೆ ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಜೆಲ್ಲಿನ ಟ್ಯೂಬು ಕಪಾಟಿನ ಮೇಲೇ ಮರೆತಿದ್ದೆ. ಹೊರಗೆ ಬಂದು ನೋಡ್ತೀನಿ, ಕನ್ನಡಕ ಹಾಕಿಕೊಂಡು ಅದರ ಮೇಲಿನ ಅಕ್ಷರ ಒಂದೊಂದೇ ಓದ್ತಾ ನಿಂತಿದ್ದಾರೆ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

"ಇದು ಯಾತಕ್ಕೆ?" ಅಂದರು.

ಸುಳ್ಳು ಬಾಯಿತನಕ ಬಂದಿತ್ತು. ಹೇಳೋಕೆ ಬೇಜಾರಾಯ್ತು. ಸುಳ್ಳಿನ ಕೋಟಾ ಮುಗಿದುಹೋಗಿದೆ ಅನ್ನಿಸಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಸಕ್ಕರೆಯಿಂದ ಹೀಗಾಗುತ್ತಂತೆ ಅತ್ತೆ, ಔಷಧಿ ಇದೆಯಂತೆ ಅಂತ.

ಬೈತಾರೆ ಅಂದುಕೊಂಡೆ. ಅವರು ಮಂಚದ ತುದಿಯಲ್ಲಿ ಕೂತರು. ಟ್ಯೂಬು ಕೈಯಲ್ಲೇ ಇತ್ತು. ಕನ್ನಡಕ ತೆಗೆದು, "ನನಗೂ ಹಾಗೇ ಆಗಿತ್ತು ಕಣೇ" ಅಂದರು.

"ಯಾವಾಗ ಅತ್ತೆ?"

"ಸಕ್ಕರೆ ಬಂದಾಗಿನಿಂದ. ನಲವತ್ತಕ್ಕೇ ಬಂತಲ್ಲ ನನಗೆ. ನಿಮ್ಮ ಮಾವ ಹತ್ತಿರ ಬಂದ್ರೆ ಸಿಡುಕಿಬಿಡ್ತಿದ್ದೆ. ಅವರು ನನ್ನನ್ನ ಸಿಡುಕಿ ಅಂದುಕೊಂಡೇ ಹೋದರು. ನಾನೂ ಹಾಗೇ ಅಂದುಕೊಂಡಿದ್ದೆ." ಆಮೇಲೆ ಟ್ಯೂಬನ್ನ ತಿರುಗಿಸಿ ನೋಡಿ, "ಇದಕ್ಕೆಲ್ಲ ಹೋದ್ರೆ ಡಾಕ್ಟ್ರು ನಗಲ್ವಾ?"

"ಇಲ್ಲ ಅತ್ತೆ. ನಗಲಿಲ್ಲ."

"ಹೌದಾ" ಅಂದರು. ಅಷ್ಟೇ. ನಾನು ಅವರ ಪಕ್ಕ ಕೂತೆ. ಹತ್ತೊಂಬತ್ತು ವರ್ಷದಲ್ಲಿ ನಾವಿಬ್ಬರೂ ಅಷ್ಟು ಹತ್ತಿರ ಕೂತದ್ದು ನೆನಪಿಲ್ಲ. ನಿನಗೆ ಇದನ್ನ ಬರೆಯಲಾ ಅಂತ ಕೇಳಿದೆ. ಕಣ್ಣು ಒರೆಸಿಕೊಂಡು, "ಬರಿ. ಅವನ ಅಪ್ಪನಿಗಂತೂ ಇನ್ನು ಹೇಳೋಕಾಗಲ್ಲ" ಅಂದರು. ಹೋಗುವಾಗ ಮಾಮೂಲಿನಂತೆ ಫ್ರಿಜ್ ತೆಗೆದು ನೋಡಿ, "ಸೊಪ್ಪು ತರಕಾರಿ ಇಟ್ಟಿದ್ದೀಯ, ಒಳ್ಳೇದು" ಅಂದರು. ಅವರ ಬಾಯಿಂದ ನನ್ನ ಫ್ರಿಜ್ಜಿಗೆ ಸಿಕ್ಕ ಮೊದಲ ಹೊಗಳಿಕೆ.

ಇನ್ನೊಂದು. ಸಕ್ಕರೆ ಡಾಕ್ಟ್ರು ಈಗ ಪರದೆ ತೆಗೆಸಿ ಅಲ್ಲಿ ಗೋಡೆ, ಬಾಗಿಲು ಮಾಡಿಸಿದ್ದಾರೆ. ಹೆಂಗಸರಿಗೂ ಕೇಳ್ತಾರಂತೆ, ತಮಗೆ ಬಾಯಿ ಬರದಿದ್ದಾಗ ನರ್ಸ್ ಕೈಲಿ ಕೇಳಿಸ್ತಾರಂತೆ. ನರ್ಸೇ ಹೇಳಿದ್ದು. "ನಿಮ್ಮಿಂದ ನಮಗೆ ಕೆಲಸ ಜಾಸ್ತಿಯಾಯ್ತು" ಅಂತ ನಕ್ಕಳು.

ನನಗೆ ಪೂರ್ತಿ ವಾಸಿಯಾಗುತ್ತೆ ಅಂತ ಯಾರೂ ಮಾತು ಕೊಟ್ಟಿಲ್ಲ. ಮೊದಲಿನ ಹಾಗೆ ಆಗದೇ ಇರಬಹುದು. ಹೇಗಾಗುತ್ತೋ ನೋಡೋದಕ್ಕೆ ನೀನು ಇಲ್ಲಿರಬೇಕಲ್ಲ. ಅಲ್ಲಿ ಕೆಸರು ಎತ್ತುತ್ತಾ ನನ್ನನ್ನ ಪೂಜೆ ಮಾಡ್ತಾ ಕೂತರೆ ನನಗೇನು ಬಂತು?

ರಜೆ ಕೇಳು.


ಹಡಗಿನಿಂದ
ಏಪ್ರಿಲ್ 27

ಕೇಳಿದೆ. ಮೇ ತಿಂಗಳು ವೆಲ್ಡರಿಗೇ ಹೋಯಿತು, ಅವನಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ. ಜೂನ್ ಎರಡನೇ ವಾರದಿಂದ ಒಂದು ತಿಂಗಳು ನನ್ನದು. ಕ್ಯಾಪ್ಟನ್ "ಮನೆ ಬೇಡ ಅಂದಿದ್ದೆಯಲ್ಲ" ಅಂದ. "ಮನೆಯವಳು ಬೇಕು ಅಂದಿದ್ದಾಳೆ" ಅಂದೆ.

ಅಮ್ಮನ ವಿಷಯ ಓದಿ ಮೇಲೆ ಡೆಕ್ಕಿಗೆ ಹೋಗಿ ನಿಂತೆ. ಚಿಕ್ಕವನಿದ್ದಾಗ ಅಪ್ಪ ಹೊರಗಿನ ಕೋಣೆಯಲ್ಲಿ ಒಬ್ಬನೇ ಮಲಗುತ್ತಿದ್ದ. ಅಮ್ಮ ಬಾಗಿಲ ಹತ್ತಿರ ನೀರಿನ ಚೊಂಬು ಇಟ್ಟು, ಒಂದು ಕ್ಷಣ ನಿಂತು, ಒಳಗೆ ಹೋಗುತ್ತಿದ್ದಳು. ಇಬ್ಬರಿಗೂ ಜಗಳ ಅಂದುಕೊಂಡಿದ್ದೆ. ಇಬ್ಬರೂ ಯಾವತ್ತೂ ಜಗಳವಾಡಿದ್ದು ಕೇಳಿರಲಿಲ್ಲ.

ನೀನು ಬೈದದ್ದು ಒಳ್ಳೆಯದಾಯಿತು. "ನೀನು" ಅಂತ ಕರೆದದ್ದು ಇನ್ನೂ ಒಳ್ಳೆಯದಾಯಿತು.

ಬರುತ್ತೇನೆ.


ಹಡಗಿನಿಂದ
ಜುಲೈ 16

ಬ್ರೇಕ್ ಮೇಡಂ,

ತಲುಪಿದೆ. ಏಣಿ ಹತ್ತುವಾಗ ಮೊಣಕಾಲು ಮಾತೇ ಆಡಲಿಲ್ಲ.

ಕೆಲವು ಮಾತು ನಿನ್ನೆದುರು ಹೇಳಲು ಆಗಲಿಲ್ಲ. ಬಾಯಿ ತೆರೆದರೆ ತಮಾಷೆಯೇ ಬರುತ್ತದೆ ನನಗೆ. ಅದಕ್ಕೆ ಬರೆಯುತ್ತಿದ್ದೇನೆ.

ಆ ಮೊದಲ ಭಾನುವಾರ ಮಧ್ಯಾಹ್ನ ನೀನೇ ಎದ್ದು ಬಾಗಿಲು ಹಾಕಿದೆ. ನಾನು ಕಿಟಕಿಯ ಪರದೆ ಎಳೆಯಲು ಹೋದೆ, ನೀನು ಬೇಡ ಅಂದೆ. ಕಲಿಯಲು ಬಂದವರ ಪಕ್ಕ ಕೂತಾಗ ನಿನ್ನ ದನಿ ಹೇಗಿರುತ್ತದೋ ಹಾಗೇ ಇತ್ತು ಅವತ್ತು: ಅವಸರವಿಲ್ಲದೆ, ಸಂಕೋಚವಿಲ್ಲದೆ. "ಇಲ್ಲಿ", "ಮೆಲ್ಲಗೆ", "ಈಗ ಬೇಡ". ಹತ್ತೊಂಬತ್ತು ವರ್ಷದಲ್ಲಿ ನಿನಗೆ ಏನು ಹಿತ ಅಂತ ನಾನು ಒಂದು ಸಲವೂ ಕೇಳಿರಲಿಲ್ಲ, ನೀನು ಹೇಳಿರಲಿಲ್ಲ. ನಾವಿಬ್ಬರೂ ಊಹೆಯ ಮೇಲೇ ಸಂಸಾರ ಮಾಡಿದ್ದೆವು.

ಆಮೇಲೆ ನಿನ್ನ ಕೈ ನಡುಗತೊಡಗಿತು. ಹಣೆಯಲ್ಲಿ ಬೆವರು. ನಾನು ಮನಸ್ಸಿನಲ್ಲೇ ಹಿಗ್ಗಿದೆ, ನನ್ನ ಪ್ರಭಾವ ಅಂತ. ನೀನು "ರೀ, ಇದು ನಿಮ್ಮಿಂದ ಅಲ್ಲ, ಸಕ್ಕರೆ ಇಳೀತಿದೆ, ಬಿಸ್ಕತ್ತು ತನ್ನಿ" ಅಂದೆ. ಗಾಬರಿಗೆ ಮತ್ತೆ ನೀವು ಅಂದಿದ್ದೆ. ನಾನು ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಓಡಿ, ಡಬ್ಬ ಸಿಗದೆ, ಕೊನೆಗೆ ಸಕ್ಕರೆ ನೀರು ಕಲಸಿ ಚೆಲ್ಲಿಕೊಂಡು ತಂದೆ. ಅದನ್ನು ಕುಡಿದು, ನನ್ನ ವೇಷ ನೋಡಿ ನೀನು ನಕ್ಕೆಯಲ್ಲ, ಅಷ್ಟು ನಗು ನಮ್ಮ ಮನೆಯಲ್ಲಿ ಯಾವಾಗ ಕೇಳಿದ್ದೆನೋ. ಅವತ್ತು ಮತ್ತೇನೂ ನಡೆಯಲಿಲ್ಲ. ಆಮೇಲೆ ಡಬ್ಬ ಹುಡುಕಿ ತಂದು, ಹಾಸಿಗೆಯಲ್ಲಿ ಕೂತು ಇಬ್ಬರೂ ಬಿಸ್ಕತ್ತು ಮುಗಿಸಿದೆವು. ನನಗೆ ಅದು ನಮ್ಮ ಮದುವೆಯ ಒಳ್ಳೆಯ ದಿನಗಳಲ್ಲಿ ಒಂದು.

ಆಮೇಲೆ ಕೆಲವು ದಿನ ನೋವಾಯಿತು. ನೀನು "ನಿಲ್ಲು" ಅಂದೆ, ನಾನು ನಿಂತೆ. ನಿಲ್ಲುವುದು ನನಗೆ ಕಷ್ಟವಾಗಲಿಲ್ಲ. ನೀನು ಅದನ್ನು ಹೇಳಿದೆಯಲ್ಲ, ಅದೇ ದೊಡ್ಡದು. ಮತ್ತೆ ಕೊನೆಯ ವಾರದ ಆ ಮಧ್ಯಾಹ್ನ. ಅದರ ಬಗ್ಗೆ ಬರೆಯುವುದಿಲ್ಲ, ನಿನಗೂ ಗೊತ್ತು. ನೀನು ಕಣ್ಣು ಮುಚ್ಚಲಿಲ್ಲ ಅನ್ನುವುದೊಂದನ್ನು ಬರೆಯುತ್ತೇನೆ. ನನ್ನನ್ನೇ ನೋಡುತ್ತಿದ್ದೆ. ಮುಖ ನಿರಾಳವಾಗಿತ್ತು. ಆಮೇಲೆ "ಗೊತ್ತಾಯ್ತು" ಅಂದೆ, ಕಳೆದುಹೋದ ವಸ್ತು ಕೈಗೆ ತಗುಲಿದವಳ ಹಾಗೆ.

ನಾನು ಬಹಳ ಜನ ಧೈರ್ಯವಂತರನ್ನು ನೋಡಿದ್ದೇನೆ. ಅಲೆ ಎದ್ದಾಗ ಹಗ್ಗ ಬಿಡದವರು, ಬೆಂಕಿ ಬಿದ್ದಾಗ ಒಳಗೆ ನುಗ್ಗಿದವರು. ಅವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿನ್ನನ್ನು ನಿಲ್ಲಿಸುತ್ತೇನೆ. ನೀನು ನಗಬಹುದು. ನಗು.

ಕೊನೆಯದಾಗಿ ಒಂದು. ನಮ್ಮ ಹಡಗಿನ ಎಲೆಕ್ಟ್ರಿಷಿಯನ್ ಗೊತ್ತಲ್ಲ, ಒಮ್ಮೆ ಮನೆಗೆ ಬಂದು ಮಿಕ್ಸಿ ರಿಪೇರಿ ಮಾಡಿದವನು. ನಿನ್ನೆ ಊಟಕ್ಕೆ ಕೂತಾಗ, "ನೀನು ರಜೆ ಮುಗಿಸಿ ಹೀಗೆ ನಗುತ್ತಾ ಬಂದದ್ದು ನೋಡೇ ಇಲ್ಲ" ಅಂದ. ಆಮೇಲೆ ತಟ್ಟೆಯಲ್ಲಿ ಗೀಚುತ್ತಾ, ತನ್ನ ಹೆಂಡತಿ ಮಕ್ಕಳ ಕೋಣೆಯಲ್ಲಿ ಮಲಗಲು ಶುರುಮಾಡಿ ಬಹಳ ಕಾಲವಾಯಿತು, ಮುಟ್ಟಿದರೆ ಸಿಡಿಯುತ್ತಾಳೆ, ಅವಳಿಗೆ ತನ್ನ ಮೇಲೆ ಮನಸ್ಸಿಲ್ಲ, ತಾನೂ ಮನೆಗೆ ಹೋಗುವುದನ್ನು ಬಿಡುತ್ತೇನೆ ಅಂದ. ಅವಳಿಗೇನಾದರೂ ಕಾಯಿಲೆಯಾ ಅಂತ ಕೇಳಿದೆ. "ಏನಿಲ್ಲ, ಸಕ್ಕರೆ ಒಂದಿದೆ" ಅಂದ.

ನನ್ನ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. ಬಾಯಿ ತುದಿಗೆ ಮಾತು ಬಂತು. ಆದರೆ ಅದು ನಿನ್ನ ಮಾತು, ನಿನ್ನ ಮೈಯ ವಿಷಯ. ನಿನ್ನನ್ನು ಕೇಳದೆ ಹೇಳಬಾರದು ಅನ್ನಿಸಿ ನೀರು ಕುಡಿದು ಸುಮ್ಮನಾದೆ. ಅವನಿಗೆ ಹೇಳಲಾ?

ನಿನ್ನವನು


ಮನೆಯಿಂದ
ಜುಲೈ 25

ನೀನು ಕೇಳಿದ್ದು ಒಳ್ಳೇದಾಯ್ತು.

ಅವರಿಗೆ "ಮನೆಗೆ ಹೋಗೋದನ್ನ ಬಿಡಬೇಡಿ" ಅಂತ ಮಾತ್ರ ಹೇಳು, ಗಟ್ಟಿಯಾಗಿ ಹೇಳು. ಉಳಿದದ್ದು ಬೇಡ. ಊಟದ ಕೋಣೆಯಲ್ಲಿ ಗಂಡಸು ಗಂಡಸಿಗೆ ಹೇಳಿದ ಮಾತು ಆಕೆಯ ಕಿವಿ ತಲುಪೋ ಹೊತ್ತಿಗೆ "ನಿನಗೇನೋ ರೋಗವಂತೆ" ಅಂತ ಆಗಿರುತ್ತೆ. ಪಾಪ, ಇನ್ನಷ್ಟು ಮುದುಡಿಕೊಳ್ತಾರೆ.

ಅವರ ಮನೆ ವಿಳಾಸ ಕಳಿಸು. ನಾನೇ ಬರೀತೀನಿ. ಅತ್ತೆಗೆ ಹೇಳಿದೆ, ತಾವೂ ಎರಡು ಸಾಲು ಸೇರಿಸ್ತಾರಂತೆ. ಅಕ್ಷರ ಸೊಟ್ಟ, ಆದ್ರೂ ಸೇರಿಸ್ತಾರಂತೆ.

ಆಕೆಯ ವಯಸ್ಸೆಷ್ಟು ಅಂತಲೂ ತಿಳಿದು ಬರಿ. ಅಕ್ಕ ಅನ್ನಬೇಕೋ ತಂಗಿ ಅನ್ನಬೇಕೋ ಗೊತ್ತಾಗಬೇಕಲ್ಲ.